ಶಾವಿಗೆಯ ದೂರದ ನೆಂಟರು: ವೈಟ್‌ಫೀಲ್ಡಿನಲ್ಲಿ ಇಟಲಿಯ ಊಟ

ಪರಸ್ಥಳಕ್ಕೆ ಹೋದವರು ಅಲ್ಲಿಯ ಗುಡಿ, ಕೋಟೆ, ಕೆರೆಗಳನ್ನು ಕಂಡು ಬಂದರೆ ಆ ಸ್ಥಳವನ್ನು ಅರ್ಧ ಕಂಡಂತೆ. ಅಲ್ಲಿಯ ಜನರೊಡನೆ ಕುಳಿತು ಉಂಡು ಬಂದರೆ ಪೂರ್ತಿ ಕಂಡಂತೆ ಎಂಬುದು ದೇಶ ಸುತ್ತಿದ ಹಿರಿಯರ ಅನುಭವ. ಆದರೆ ಆಹಾರದಲ್ಲಿ ನಿಯಮವನ್ನು ಪಾಲಿಸುವ ಮನೆತನಗಳಿಗೆ ಈ ಮಾತನ್ನು ನಡೆಸುವುದು ಸುಲಭವಲ್ಲ. ಊರು ಬಿಟ್ಟೊಡನೆ ನಮಗೆ ಎರಡೇ ದಾರಿಗಳು ಕಾಣುತ್ತವೆ. ಒಂದು, ಬುತ್ತಿಯನ್ನು ಬಿಚ್ಚಿಕೊಂಡು ಒಬ್ಬರೇ ಮೂಲೆಯಲ್ಲಿ ಕುಳಿತು ಉಣ್ಣುವುದು. ಇನ್ನೊಂದು, ಎದುರಿಗೆ ಬಂದುದನ್ನು ಕಣ್ಣು ಮುಚ್ಚಿ ಉಂಡು, ಮನೆಗೆ ಬಂದ ಮೇಲೆ ಆ ಮಾತನ್ನೇ ಎತ್ತದಿರುವುದು. ಮೊದಲನೆಯದರಲ್ಲಿ ನೆರೆಯವರ ಸ್ನೇಹ ದೊರೆಯುವುದಿಲ್ಲ. ಎರಡನೆಯದರಲ್ಲಿ ಮನಸ್ಸಿನ ನೆಮ್ಮದಿ ಉಳಿಯುವುದಿಲ್ಲ. ಇವೆರಡರ ನಡುವೆ ಅರಿತು ಉಣ್ಣುವ, ಕೇಳಿ ಉಣ್ಣುವ ಮೂರನೆಯ ದಾರಿಯೊಂದುಂಟು. ಬೆಂಗಳೂರಿನ ಹೊರವಲಯದಲ್ಲಿ ಕೆಲವು ದಿನ ತಂಗಿದ್ದಾಗ ಇಟಲಿ ದೇಶದ ಪಾಸ್ತಾ ಎಂಬ ಆಹಾರದ ನೆಪದಲ್ಲಿ ಆ ದಾರಿಯನ್ನು ನಾನು ಹತ್ತಿರದಿಂದ ಕಂಡೆ. ಅದನ್ನು ಓದುಗ ಬಂಧುಗಳ ಮುಂದೆ ಇಡಬಯಸುತ್ತೇನೆ.

ಮೂರು ಅಂಚುಗಳ ನಗರ

ಹಿಂದಿನ ತಲೆಮಾರಿನವರಿಗೆ ಬೆಂಗಳೂರೆಂದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಗಾಂಧಿಬಜಾರು. ಇಂದು ನಮ್ಮ ಮನೆಗಳ ಮಕ್ಕಳು ಬದುಕುತ್ತಿರುವ ಬೆಂಗಳೂರು ಊರಿನ ಅಂಚುಗಳಲ್ಲಿದೆ. ವಾಯವ್ಯಕ್ಕೆ ತುಮಕೂರು ರಸ್ತೆಯಲ್ಲಿ ಪೀಣ್ಯ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದಲ್ಲಿ ಲೇತು, ಮಿಲ್ಲಿಂಗ್ ಯಂತ್ರಗಳ ಸದ್ದು ನಿಂತ ದಿನವಿಲ್ಲ. ದಕ್ಷಿಣಕ್ಕೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ; ಆರ್. ಕೆ. ಬಾಳಿಗ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ 332 ಎಕರೆಯಲ್ಲಿ ಇದನ್ನು ಆರಂಭಿಸಿತು. ಪೂರ್ವಕ್ಕೆ ವೈಟ್‌ಫೀಲ್ಡ್; ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1882ರಲ್ಲಿ, ಡಿ. ಎಸ್. ವೈಟ್ ಎಂಬವರ ಮುಂದಾಳುತನದ ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲ ದೊರೆತು ಹುಟ್ಟಿದ ಊರು ಅದು. ಹಣ್ಣು, ತರಕಾರಿ ಬೆಳೆದುಕೊಂಡು ಶಾಂತವಾಗಿ ಬಾಳಬೇಕೆಂದು ಬಂದವರ ಆ ಹಳ್ಳಿ 1990ರ ದಶಕದ ಕೊನೆಯಲ್ಲಿ ಇಂಟರ್‌ನ್ಯಾಶನಲ್ ಟೆಕ್ ಪಾರ್ಕ್ ತಲೆಯೆತ್ತಿದ ಮೇಲೆ ಜಗತ್ತಿನ ನಕಾಶೆಯಲ್ಲಿ ಸ್ಥಾನ ಪಡೆಯಿತು.

ಈಗ ಮೆಟ್ರೋ ರೈಲು ಈ ಮೂರನ್ನೂ ಒಂದು ದಾರದಲ್ಲಿ ಪೋಣಿಸಿದೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ರೈಲು ಬಂದಿತು. ಬೆಳಿಗ್ಗೆ ಪೀಣ್ಯದಲ್ಲಿ ರೊಟ್ಟಿ ತಿಂದು ಮಧ್ಯಾಹ್ನ ವೈಟ್‌ಫೀಲ್ಡಿನಲ್ಲಿ ಇಟಲಿಯ ಊಟ ಮಾಡುವುದು ಈಗ ಒಂದೇ ದಿನದ ಮಾತು. ಈ ಅಂಚುಗಳಿಂದಲೇ ನಮ್ಮ ಹುಡುಗ-ಹುಡುಗಿಯರು ಕೆಲಸದ ನಿಮಿತ್ತ ಇಟಲಿಗೂ ಹೋಗುತ್ತಾರೆ. ಅಲ್ಲಿಯವರು ಇಲ್ಲಿಗೂ ಬರುತ್ತಾರೆ. ನೆಲಮಂಗಲದ ಬಳಿ ಮರಗೆಲಸದ ಯಂತ್ರಗಳನ್ನು ತಯಾರಿಸುವ ಬಿಯೆಸ್ಸೆ ಕಾರ್ಖಾನೆಯಿದೆ. ಅದರ ಮೂಲಸ್ಥಾನ ಇಟಲಿಯ ಪೆಸಾರೊ ಎಂಬ ಕಡಲತೀರದ ಊರು. ಆದುದರಿಂದ ಇಟಲಿಯ ಊಟದ ವಿಚಾರವು ನಮಗೆ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. ಅನೇಕ ತಾಯಂದಿರಿಗೆ ಅದು ಚಿಂತೆಯ ವಿಷಯವೂ ಆಗಿದೆ.

ಕಾಡುಗೋಡಿಯ ಮನೆ

ನಾನು ತಂಗಿದ್ದುದು ಕಾಡುಗೋಡಿಯಲ್ಲಿ, ವಿಜಯಪುರ ಜಿಲ್ಲೆಯಿಂದ ಬಂದು ನೆಲೆಸಿದ ಒಂದು ಕುಟುಂಬದಲ್ಲಿ. ಮಗ ಇಟಲಿಯ ಬಾರಿ ಎಂಬ ಊರಿನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿ ಬಂದವನು. ಅವನು ಹೊರಟಾಗ ತಾಯಿ ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿಗಳನ್ನು ಕಟ್ಟಿ ಕಳುಹಿಸಿದ್ದರಂತೆ. "ರೊಟ್ಟಿ ಒಂದ ತಿಂಗಳಾ ಬಂತ್ರೀ ಗುರುಗಳೇ. ಆಮ್ಯಾಲ ಏನ ತಿಂದಾನೋ, ನಾ ಕೇಳಲೇ ಇಲ್ಲ, ಕೇಳಾಕ ಅಂಜಿಕಿ" ಎಂದು ಆ ತಾಯಿ ಮಗನ ಎದುರಿಗೇ ಹೇಳಿದರು. ಮಗ ನಕ್ಕು, "ಅವ್ವಾ, ನಾಳೆ ನನ್ನ ಜೊತೆ ಬಾ. ನಾನು ಏನು ತಿಂದೆ ಅಂತ ತೋರಿಸುತ್ತೇನೆ. ಗುರುಗಳೂ ಬರಲಿ" ಎಂದನು.

ಮರುದಿನ ವೈಟ್‌ಫೀಲ್ಡಿನ ಒಂದು ಇಟಾಲಿಯನ್ ಹೋಟೆಲಿಗೆ ಹೋದೆವು. ಮಠದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಬೆಳೆದ ನನಗೆ ಬಿಳಿಯ ಮೇಜುವಸ್ತ್ರ, ಬಲಗಡೆ ಚಾಕು, ಎಡಗಡೆ ಮುಳ್ಳುಚಮಚೆ ಇವೆಲ್ಲ ಹೊಸತು. ಆದರೆ ತಟ್ಟೆ ಎದುರಿಗೆ ಬಂದಾಗ ಆ ತಾಯಿ ಒಮ್ಮೆಗೇ, "ಇದು ನಮ್ಮ ಶಾವಿಗಿನ ಅಲ್ರೀ! ಸ್ವಲ್ಪ ದಪ್ಪ ಐತಿ ಅಷ್ಟ" ಎಂದು ಉದ್ಗರಿಸಿದರು. ಆ ಮಾತು ತಮಾಷೆಯದೆಂದು ಮಗ ನಕ್ಕರೂ ಅದರಲ್ಲಿ ಸತ್ಯವಿದೆ. ಆ ಸತ್ಯವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ.

ಒಂದೇ ಧಾನ್ಯದ ಎರಡು ಮನೆಗಳು

ಚಪಾತಿಗೆ ನಾವು ಬಳಸುವ ಸಾಮಾನ್ಯ ಗೋಧಿ ಬೇರೆ, ಪಾಸ್ತಾ ಮಾಡುವ ಗೋಧಿ ಬೇರೆ. ಪಾಸ್ತಾದ ಗೋಧಿಗೆ ಡುರಮ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಗಟ್ಟಿ ಎಂದರ್ಥ. ಕಾಳು ಗಟ್ಟಿ, ಬಣ್ಣ ಹೊಂಬಣ್ಣ. ಬೀಸಿದರೆ ಸುಲಭವಾಗಿ ಹಿಟ್ಟಾಗದೆ ರವೆಯಾಗುತ್ತದೆ. ಅದರ ನಾದಿದ ಕಣಕ ಹಿಗ್ಗುವುದು ಕಡಿಮೆ, ಹಿಡಿತ ಹೆಚ್ಚು. ಆದ್ದರಿಂದ ಕುದಿಯುವ ನೀರಿನಲ್ಲಿ ಬಿಟ್ಟರೂ ಎಳೆ ಮುದ್ದೆಯಾಗದೆ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ.

ಈ ಧಾನ್ಯ ಇಟಲಿಯ ಸೊತ್ತೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಬೆಳಗಾವಿ ಜಿಲ್ಲೆಗಳ ಎರೆಭೂಮಿಯಲ್ಲಿ ನಮ್ಮ ರೈತರು ಹಿಂಗಾರಿ ಬೆಳೆಯಾಗಿ ಇದನ್ನು ಬೆಳೆಯುತ್ತ ಬಂದಿದ್ದಾರೆ. ಬಿಜಗಾ ಯೆಲ್ಲೊ ಎಂಬ ತಳಿ ಇದೇ ಡುರಮ್ ಜಾತಿಯದು. ಅಂಗಡಿಯಲ್ಲಿ ಉಪ್ಪಿಟ್ಟಿಗೆಂದು ಕೊಳ್ಳುವ ಬನ್ಸಿ ರವೆಯೂ ಡುರಮ್ ಗೋಧಿಯದೇ. ಇನ್ನು ನಮ್ಮ ಹಿರಿಯರು ಹುಗ್ಗಿಗೂ ಶಾವಿಗೆಗೂ ಮೆಚ್ಚುತ್ತಿದ್ದ ಜವೆಗೋಧಿ ಡುರಮ್‌ನ ಹತ್ತಿರದ ಸಂಬಂಧಿ. ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇವೆರಡರಲ್ಲಿಯೂ ಇರುವುದು 28. ಈ ಜವೆಗೋಧಿಯನ್ನು ಇಟಲಿಯಲ್ಲಿ ಫಾರ್ರೊ ಎಂದು ಕರೆದು ಇಂದಿಗೂ ಸಾರಿನಲ್ಲಿ ಬೇಯಿಸಿ ಉಣ್ಣುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಜವೆಗೋಧಿಯಲ್ಲಿ ಡಿಡಿಕೆ 1025, ಡಿಡಿಕೆ 1029 ಮೊದಲಾದ ತಳಿಗಳನ್ನು ರೈತರಿಗೆ ನೀಡಿದೆ.

ಮಾಡುವ ಕ್ರಮದಲ್ಲಿಯೂ ಈ ನೆಂಟಸ್ತಿಕೆ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಓಣಿಯ ಹೆಣ್ಣುಮಕ್ಕಳು ಒಂದೆಡೆ ಸೇರಿ, ರವೆಯ ಕಣಕವನ್ನು ಹದವಾಗಿ ನಾದಿ, ಶಾವಿಗೆ ಮಣೆಯ ಮೇಲೆ ಹೊಸೆದು, ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದ ದೃಶ್ಯವನ್ನು ನಮ್ಮಲ್ಲಿ ಐವತ್ತು ದಾಟಿದವರೆಲ್ಲ ಬಲ್ಲರು. ಮದುವೆಯ ಮನೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಬೆರಳಲ್ಲಿ ಹೊಸೆದ ಗೌಲಿಯನ್ನು ಪಾಯಸಕ್ಕೆ ಹಾಕುತ್ತಿದ್ದರು. ನೇಪಲ್ಸ್ ನಗರದ ಬಳಿಯ ಗ್ರಾನ್ಯಾನೊ ಎಂಬ ಊರಿನಲ್ಲಿಯೂ ಹಿಂದೆ ಬೀದಿಯುದ್ದಕ್ಕೂ ಕೋಲುಗಳ ಮೇಲೆ ಪಾಸ್ತಾದ ಎಳೆಗಳನ್ನು ಇಳಿಬಿಟ್ಟು, ಬೆಟ್ಟದ ಗಾಳಿಗೂ ಕಡಲ ಗಾಳಿಗೂ ಒಣಗಿಸುತ್ತಿದ್ದರು. ಇಂದು ಆ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಆದರೂ ಒಳ್ಳೆಯ ಪಾಸ್ತಾವನ್ನು ಕಂಚಿನ ಬಿಲ್ಲೆಗಳ ಮೂಲಕ ಒತ್ತಿ, ಕಡಿಮೆ ಶಾಖದಲ್ಲಿ ಬಹಳ ಹೊತ್ತು ಒಣಗಿಸುತ್ತಾರೆ. ಕಂಚಿನ ಬಿಲ್ಲೆಯಿಂದ ಬಂದ ಎಳೆಯ ಮೈ ಒರಟಾಗಿರುವುದರಿಂದ ಸಾರು ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಚಕ್ಕುಲಿ ಒರಳಿನ ಹಿತ್ತಾಳೆ ಬಿಲ್ಲೆಯನ್ನು ಬಲ್ಲ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್ತಾವನ್ನು ಚೀನಾ ದೇಶದಿಂದ ಮಾರ್ಕೊ ಪೋಲೊ ತಂದನೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ. ಅವನು ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಅದಕ್ಕಿಂತ ಬಹು ಮೊದಲೇ, 1154ರಲ್ಲಿ, ಸಿಸಿಲಿಯ ಅರಸ ಎರಡನೆಯ ರೋಜರನ ಆಶ್ರಯದಲ್ಲಿದ್ದ ಅಲ್-ಇದ್ರಿಸಿ ಎಂಬ ಭೂಗೋಳಜ್ಞನು ಪಲೆರ್ಮೊ ನಗರದ ಹತ್ತಿರದ ತ್ರಾಬಿಯಾ ಎಂಬ ಊರಿನಲ್ಲಿ 'ಇತ್ರಿಯಾ' ಎಂಬ ಎಳೆಯಾಕಾರದ ಆಹಾರವನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ಕಳುಹಿಸುತ್ತಿದ್ದುದನ್ನು ಬರೆದಿದ್ದಾನೆ. ನಮ್ಮ ನಾಡಿನಲ್ಲಿ ಬಸವಣ್ಣನವರು ಬಾಳಿದ ಶತಮಾನವೂ ಅದೇ ಎಂಬುದನ್ನು ಓದುಗರು ಗಮನಿಸಬಹುದು. ಅಂದು ಅರಬರ ನಾವೆಗಳು ಸಿಸಿಲಿಯ ಕಡಲಲ್ಲಿಯೂ ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಓಡಾಡುತ್ತಿದ್ದವು. ಇನ್ನು ಇಂದು ಇಟಲಿಯ ಗುರುತೇ ಆಗಿರುವ ಟೊಮೆಟೊ, ನಮ್ಮ ಗುರುತೇ ಆಗಿರುವ ಮೆಣಸಿನಕಾಯಿ ಇವೆರಡೂ ಅಮೆರಿಕಾ ಖಂಡದವು. 16ನೆಯ ಶತಮಾನಕ್ಕಿಂತ ಮೊದಲು ಎರಡೂ ನಾಡುಗಳ ಅಡುಗೆಮನೆಗೆ ಇವುಗಳ ಪರಿಚಯವೇ ಇರಲಿಲ್ಲ. ತನ್ನದು, ಪರರದು ಎಂದು ನಾವು ಎಳೆಯುವ ಗೆರೆ ಅಡುಗೆಮನೆಯಲ್ಲಿ ಎಷ್ಟು ತೆಳುವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆ ದಿನ ಹೋಟೆಲಿನಲ್ಲಿ ನಮಗೆ ಬಡಿಸಿದ ಇನ್ನೊಂದು ಪದಾರ್ಥ ರವಿಯೋಲಿ. ತೆಳ್ಳಗೆ ಲಟ್ಟಿಸಿದ ಕಣಕದಲ್ಲಿ ಪಾಲಕ್ ಸೊಪ್ಪು, ಹಾಲಿನ ಗಿಣ್ಣವನ್ನು ತುಂಬಿ, ಅಂಚು ಮುಚ್ಚಿ, ನೀರಿನಲ್ಲಿ ಕುದಿಸಿ, ಮೇಲೆ ಬೆಣ್ಣೆ ಹಾಕಿದ್ದರು. ಹೂರಣದ ಕಡುಬನ್ನು ಕುದಿಸಿ ತುಪ್ಪ ಹಾಕಿಕೊಂಡು ಉಣ್ಣುವ ನಮಗೆ ಇದರಲ್ಲಿ ಅಪರಿಚಿತವಾದುದು ಸಿಹಿಯ ಬದಲು ಉಪ್ಪು ಇದ್ದುದಷ್ಟೇ.

ಕೇಳಿ ಉಣ್ಣುವ ವಿವೇಕ

ಆದರೆ ರವಿಯೋಲಿ ಬರುವ ಮೊದಲು ನಡೆದ ಒಂದು ಸಂಗತಿ ಈ ಬರಹದ ಮುಖ್ಯಾಂಶ. ಬಡಿಸುವ ಹುಡುಗನು "ಇದು ವೆಜ್ ಸರ್" ಎಂದಾಗ ನಮ್ಮ ಯುವಕನು ಅಷ್ಟಕ್ಕೆ ಬಿಡದೆ ಸೌಮ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿದನು: "ಕಣಕದಲ್ಲಿ ಮೊಟ್ಟೆ ಇದೆಯೇ? ಮೇಲೆ ತುರಿಯುವ ಚೀಸ್ ಯಾವುದು?" ಹುಡುಗನಿಗೆ ಉತ್ತರ ತಿಳಿಯಲಿಲ್ಲ. ಒಳಗಿನಿಂದ ಅಡುಗೆಯವರೇ ಬಂದರು. ಮೊಟ್ಟೆಯಿಲ್ಲದ ರವೆಯ ಕಣಕದಲ್ಲಿ ಬೇರೆ ಮಾಡಿಕೊಡುವುದಾಗಿ ಹೇಳಿ, ಭಾರತದಲ್ಲಿಯೇ ತಯಾರಾದ ಚೀಸಿನ ಹಸಿರು ಗುರುತಿನ ಪೊಟ್ಟಣವನ್ನು ತಂದು ತೋರಿಸಿದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ತನ್ನ ಕೆಲಸವನ್ನು ಬಲ್ಲವನನ್ನು ಯಾರೋ ಕೇಳಿದರೆಂಬ ಸಂತೋಷವಿದ್ದಿತು. ತಾಯಿಯ ಮುಖದಲ್ಲಿ ಒಂದೂವರೆ ವರ್ಷದ ಚಿಂತೆ ಇಳಿದುದನ್ನು ನಾನು ಕಂಡೆ.

ಚೀಸಿನ ಪ್ರಶ್ನೆ ಏಕೆಂಬುದನ್ನು ಅನೇಕರು ಅರಿಯರು. ಹಾಲನ್ನು ಗಟ್ಟಿಗಟ್ಟಿಸಲು ರೆನೆಟ್ ಎಂಬ ದ್ರವ್ಯ ಬೇಕು. ಇಟಲಿಯ ಸಾಂಪ್ರದಾಯಿಕ ಪಾರ್ಮೆಸಾನ್ ಚೀಸಿಗೆ ಈ ದ್ರವ್ಯವನ್ನು ಎಳೆಗರುವಿನ ಜಠರದಿಂದಲೇ ತೆಗೆಯುತ್ತಾರೆ. ಆ ಹೆಸರನ್ನು ಪಡೆಯಬೇಕಾದರೆ ಹಾಗೆಯೇ ಮಾಡಬೇಕೆಂಬ ನಿಯಮವಿದೆ. ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸಿಗೆ ಕುರಿಮರಿಯ ಜಠರದ ರೆನೆಟ್ ಬೇಕು. ನೋಡಲು ಹಾಲಿನ ಪದಾರ್ಥ, ಆದರೆ ಶಾಕಾಹಾರವಲ್ಲ. ನಮ್ಮ ದೇಶದಲ್ಲಿ ತಯಾರಾಗುವ ಚೀಸಿನಲ್ಲಿ ಬಹುಪಾಲು ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಕೆಯಲ್ಲಿದೆ. ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿಕೊಂಡರೆ ಸಾಕು. ಇಟಲಿಯಲ್ಲಿ ಇಂಥ ಚುಕ್ಕೆಯಿಲ್ಲ. ಸಸ್ಯಮೂಲದ ರೆನೆಟ್ ಇದ್ದರೆ ಪೊಟ್ಟಣದ ಮೇಲೆ 'ಕಾಲ್ಯೊ ವೆಜೆಟಾಲೆ' ಎಂದು ಬರೆದಿರುತ್ತಾರೆ.

ಮೊಟ್ಟೆಯ ವಿಚಾರವೂ ಹೀಗೆಯೇ. ಇಟಲಿಯ ಉತ್ತರ ಭಾಗದಲ್ಲಿ, ಮುಖ್ಯವಾಗಿ ಬೊಲೊನ್ಯಾ ನಗರದ ಸುತ್ತಮುತ್ತ, ಹಸಿ ಪಾಸ್ತಾವನ್ನು ಮೊಟ್ಟೆ ಹಾಕಿ ನಾದುತ್ತಾರೆ. ದಕ್ಷಿಣದಲ್ಲಿ ರವೆ ಮತ್ತು ನೀರು ಇವೆರಡರಿಂದಲೇ ಮಾಡುವ ಪದ್ಧತಿ ಹೆಚ್ಚು. ಅಂಗಡಿಯಲ್ಲಿ ಸಿಗುವ ಇಟಲಿಯ ಸಾಮಾನ್ಯ ಒಣ ಪಾಸ್ತಾ ಡುರಮ್ ರವೆ ಮತ್ತು ನೀರಿನದೇ ಆಗಿರಬೇಕೆಂದು ಅಲ್ಲಿಯ ಕಾನೂನು 1967ರಿಂದ ವಿಧಿಸಿದೆ. ಮೊಟ್ಟೆ ಹಾಕಿದ್ದರೆ ಅದನ್ನು ಹೇಳಿಯೇ ಮಾರಬೇಕು. ನಮ್ಮ ಯುವಕನಿದ್ದ ಬಾರಿ ನಗರ ದಕ್ಷಿಣದ್ದು. ಅಲ್ಲಿಯ ಹಳೆಯ ಓಣಿಗಳಲ್ಲಿ ಹೆಂಗಸರು ಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು, ರವೆಯ ಕಣಕವನ್ನು ಚಾಕುವಿನ ತುದಿಯಿಂದ ಎಳೆದು ಹೆಬ್ಬೆರಳಿನಿಂದ ಒತ್ತಿ, ಪುಟ್ಟ ಕಿವಿಯಾಕಾರದ ಒರೆಕ್ಕಿಯೆಟ್ಟೆ ಎಂಬ ಪಾಸ್ತಾ ಮಾಡುತ್ತಾರೆ. "ಅದನ್ನು ನೋಡಿದಾಗಲೆಲ್ಲ ಅಜ್ಜಿ ಗೌಲಿ ಹೊಸೆಯುತ್ತಿದ್ದುದು ನೆನಪಾಗುತ್ತಿತ್ತು ಗುರುಗಳೇ" ಎಂದು ಅವನು ಹೇಳಿದನು.

ಇಟಲಿಗೆ ಹೋಗುವವರು ಗಮನದಲ್ಲಿಡಬೇಕಾದ ಬೇರೆ ಸಂಗತಿಗಳೂ ಇವೆ. ಕಾರ್ಬೊನಾರಾ, ಅಮಾತ್ರಿಚಾನಾ, ರಗು ಎಂಬ ಹೆಸರಿನವು ಮಾಂಸದವು. ಪುಟ್ಟನೆಸ್ಕಾದಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಸಣ್ಣ ಮೀನು ಕರಗಿರುತ್ತದೆ; ಬಾರಿಯ ಸೊಪ್ಪಿನ ಒರೆಕ್ಕಿಯೆಟ್ಟೆಯಲ್ಲಿಯೂ ಅದು ಇರುವುದುಂಟು. ಹಸಿರು ಬಣ್ಣದ ಪೆಸ್ಟೊ ತುಳಸಿಯ ಜಾತಿಯ ಎಲೆಯ ಚಟ್ನಿಯಾದರೂ ಅದರಲ್ಲಿ ಮೇಲೆ ಹೇಳಿದ ಚೀಸುಗಳು ಸೇರಿರುತ್ತವೆ. ಅಕ್ಕಿಯ ರಿಸೊಟ್ಟೊವನ್ನು ಅನೇಕ ಕಡೆ ಮಾಂಸದ ಕಟ್ಟಿನಲ್ಲಿ ಬೇಯಿಸಿ, ಮದ್ಯವನ್ನೂ ಹಾಕುತ್ತಾರೆ. ಆದರೆ ಹೆದರಬೇಕಾಗಿಲ್ಲ, ಉಣ್ಣಲು ಬೇಕಾದಷ್ಟು ಉಂಟು. ಟೊಮೆಟೊ, ಬಾಸಿಲ್ ಎಲೆಯ ಸ್ಪಾಗೆಟ್ಟಿ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿಯ 'ಆಲ್ಯೊ ಓಲ್ಯೊ'. ಕಡಲೆಕಾಳಿನ 'ಪಾಸ್ತಾ ಎ ಚೇಚಿ'. ಮೆಕ್ಕೆಜೋಳದ ಹಿಟ್ಟಿನ, ನಮ್ಮ ಮುದ್ದೆಯಂಥ ಪೊಲೆಂಟಾ. ಇವೆಲ್ಲ ಬಡವರ ಮನೆಯಲ್ಲಿ ಹುಟ್ಟಿದ, ಇಂದಿಗೂ ಅಲ್ಲಿಯವರು ದಿನನಿತ್ಯ ಉಣ್ಣುವ ಪದಾರ್ಥಗಳು. 'ಸೆಂಝಾ' ಎಂದರೆ ಇಲ್ಲದೆ. 'ಕಾರ್ನೆ' ಮಾಂಸ, 'ಪೆಷೆ' ಮೀನು, 'ಉವೋವಾ' ಮೊಟ್ಟೆ, 'ಫೊರ್ಮಾಜ್ಜೊ' ಚೀಸ್, 'ವೀನೊ' ಮದ್ಯ. ಈ ಆರು ಶಬ್ದಗಳನ್ನು ಕಲಿತುಕೊಂಡರೆ ಬುತ್ತಿಯ ಗಂಟು ಹಗುರಾಗುತ್ತದೆ. 'ವೆಗಾನೊ' ಎಂದರೆ ಪ್ರಾಣಿಜನ್ಯವಾದುದು ಏನೂ ಬೇಡವೆಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಕಡಲೆಕಾಳಿನ ಪಾಸ್ತಾವನ್ನೂ ಕಟ್ಟು ಯಾವುದೆಂದು ಕೇಳಿಯೇ ತರಿಸಿಕೊಳ್ಳುವುದು ಲೇಸು.

ಅವರ ಕ್ರಮ, ಅವರ ಹೊತ್ತು

ಊರವರಂತೆ ಉಣ್ಣುವುದೆಂದರೆ ಪದಾರ್ಥದಷ್ಟೇ ಕ್ರಮವನ್ನೂ ಗೌರವಿಸುವುದು. ಇಟಲಿಯಲ್ಲಿ ಪಾಸ್ತಾ ಇಡೀ ಊಟವಲ್ಲ. ಅದು 'ಪ್ರೀಮೊ', ಅಂದರೆ ಊಟದ ಮೊದಲ ಮುಖ್ಯ ಭಾಗ. ಅದಕ್ಕೆ ಮುಂಚೆ ಸಣ್ಣ ನಂಜಿಕೆಗಳು, ಆಮೇಲೆ ಎರಡನೆಯ ಬಡಿಕೆ, ಪಲ್ಯ, ಕೊನೆಗೆ ಸಿಹಿ. ಎಲ್ಲವನ್ನೂ ಒಮ್ಮೆಗೇ ತರಿಸಿಕೊಳ್ಳುವುದಿಲ್ಲ. ಎಲ್ಲ ಭಾಗಗಳನ್ನೂ ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಪಾಸ್ತಾ ಮತ್ತು ಒಂದು ಪಲ್ಯ ಸಾಕೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸ್ಪಾಗೆಟ್ಟಿಯನ್ನು ಚಾಕುವಿನಿಂದ ತುಂಡರಿಸುವುದು ಅವರಿಗೆ ರೊಟ್ಟಿಯನ್ನು ಕತ್ತರಿಯಿಂದ ಕತ್ತರಿಸಿದಂತೆ. ನಾಲ್ಕು ಎಳೆಗಳನ್ನು ಮುಳ್ಳುಚಮಚೆಗೆ ಸುತ್ತಿಕೊಂಡು ಬಾಯಿಗಿಡಬೇಕು. ತಟ್ಟೆಯಲ್ಲಿ ಉಳಿದ ಸಾರನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿನ್ನುವುದಕ್ಕೆ ಅವರಲ್ಲಿ 'ಸ್ಕಾರ್ಪೆಟ್ಟಾ' ಎಂಬ ಮುದ್ದಿನ ಹೆಸರಿದೆ. ಅನ್ನವನ್ನು ಕೆಡಿಸಬಾರದೆಂಬ ಪಾಠವನ್ನು ಪಂಕ್ತಿಯಲ್ಲಿ ಕಲಿತ ನನಗೆ ಈ ರೂಢಿ ಬಹಳ ಹಿಡಿಸಿತು.

ಹೊತ್ತಿನ ಶಿಸ್ತೂ ಉಂಟು. ಮಧ್ಯಾಹ್ನದ ಊಟ ಸುಮಾರು ಹನ್ನೆರಡೂವರೆಯಿಂದ ಎರಡೂವರೆಯವರೆಗೆ. ಆಮೇಲೆ ಅನೇಕ ಅಡುಗೆಮನೆಗಳು ಮುಚ್ಚಿ, ರಾತ್ರಿ ಏಳೂವರೆಯ ಮೇಲೆ ತೆರೆಯುತ್ತವೆ. ಹಾಲು ನೊರೆಯ ಕಾಫಿ ಬೆಳಗಿನದು. ಊಟವಾದ ಮೇಲೆ ಹಾಲಿಲ್ಲದ ಸಣ್ಣ ಲೋಟದ ಕಾಫಿ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಇಷ್ಟೆಂದು ಬರೆದಿದ್ದರೆ ಅದು ಬ್ರೆಡ್ಡು, ಮೇಜಿನ ಬಾಬತ್ತು, ಮೋಸವೆಂದು ಜಗಳವಾಡಬಾರದು. 2025ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಸೇರಿದ ಯುನೆಸ್ಕೊ ಸಮಿತಿಯು ಇಟಲಿಯ ಅಡುಗೆಯ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಭೆಯಲ್ಲಿ ನಮ್ಮ ದೀಪಾವಳಿಯೂ ಆ ಪಟ್ಟಿಗೆ ಸೇರಿತು. ಕೂಡಿ ಅಟ್ಟು ಕೂಡಿ ಉಣ್ಣುವ ಈ ಬಾಳಿನ ಕ್ರಮವೇ ಅವರ ಅಡುಗೆಯ ಜೀವಾಳ.

ಮನೆಯಲ್ಲಿ ಮಾಡಬಯಸುವ ತಾಯಂದಿರಿಗೆ ಒಂದು ಸುಲಭವಾದ ಲೆಕ್ಕ: ನೂರು ಗ್ರಾಂ ಒಣ ಪಾಸ್ತಾಕ್ಕೆ ಒಂದು ಲೀಟರು ನೀರು, ಹತ್ತು ಗ್ರಾಂ ಉಪ್ಪು. ಒಬ್ಬರಿಗೆ 80ರಿಂದ 100 ಗ್ರಾಂ ಸಾಕು. ನೀರು ಕೊತಕೊತ ಕುದಿಯುವಾಗ ಹಾಕಬೇಕು, ಎಣ್ಣೆ ಹಾಕಬೇಕಾಗಿಲ್ಲ. ಬೆಂದ ಎಳೆಯ ನಡುವೆ ಸ್ವಲ್ಪ ಗಟ್ಟಿತನ ಉಳಿದಿರುವಾಗಲೇ ತೆಗೆಯಬೇಕು. ಈ ಹದಕ್ಕೆ ಅವರು 'ಅಲ್ ದೆಂತೆ', ಹಲ್ಲಿಗೆ ಸಿಗುವಷ್ಟು, ಎನ್ನುತ್ತಾರೆ. ಬಸಿಯುವ ಮೊದಲು ಒಂದು ಬಟ್ಟಲು ಗಂಜಿಯನ್ನು ತೆಗೆದಿಟ್ಟುಕೊಂಡು ಒಗ್ಗರಣೆಯೊಡನೆ ಬೆರೆಸಿದರೆ ಎಣ್ಣೆ ಮತ್ತು ನೀರು ಒಂದಾಗಿ ಎಳೆಗಳಿಗೆ ಅಂಟುತ್ತವೆ. ತಣ್ಣೀರಿನಲ್ಲಿ ತೊಳೆದರೆ ಆ ಅಂಟು ಹೋಗುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ಪಾಸ್ತಾ, ಪೀಣ್ಯದ ರೊಟ್ಟಿ

ಎಲೆಕ್ಟ್ರಾನಿಕ್ ಸಿಟಿಯ ಉಪಾಹಾರ ಮಂದಿರಗಳಲ್ಲಿ ಮೂರು ಬಣ್ಣದ ಪಾಸ್ತಾ ಪ್ರಸಿದ್ಧ: ವೈಟ್ ಸಾಸ್, ರೆಡ್ ಸಾಸ್, ಎರಡನ್ನೂ ಬೆರೆಸಿದ ಪಿಂಕ್ ಸಾಸ್. ದೊಣ್ಣೆಮೆಣಸಿನಕಾಯಿ, ಸ್ವೀಟ್ ಕಾರ್ನ್, ಕೆಲವೊಮ್ಮೆ ಗರಂ ಮಸಾಲೆ. ಈ ಬಣ್ಣದ ಹೆಸರುಗಳನ್ನು ಇಟಲಿಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದು. ಇದನ್ನು ಹೀಗಳೆಯಬೇಕಾಗಿಲ್ಲ, ಇದು ನಮ್ಮ ಮಕ್ಕಳು ಕಂಡುಕೊಂಡ ಬೆಂಗಳೂರಿನ ಹೊಸ ತಿಂಡಿ. ನನ್ನ ಮನಸ್ಸಿಗೆ ನೋವಾದುದು ಬೇರೊಂದು ಸಂಗತಿಯಿಂದ. ರಾತ್ರಿ ಹೊತ್ತಿಗೆ ಒಂದೇ ಮನೆಯ ನಾಲ್ವರು ಯುವಕರು ನಾಲ್ಕು ಪೊಟ್ಟಣಗಳನ್ನು ತರಿಸಿಕೊಂಡು, ನಾಲ್ಕು ಕೋಣೆಗಳಲ್ಲಿ ಪರದೆಯ ಮುಂದೆ ಕುಳಿತು ಉಣ್ಣುವುದನ್ನು ನಾನು ಅಲ್ಲಿ ಕಂಡೆ. ಪಾಸ್ತಾವನ್ನು ಕೊಟ್ಟ ದೇಶದವರು ಇದನ್ನು ಊಟವೆಂದು ಕರೆಯಲಾರರು. ರೊಟ್ಟಿಯನ್ನು ಕೊಟ್ಟ ನಾಡಿನವರಾದ ನಾವೂ ಕರೆಯಲಾರೆವು.

ಪೀಣ್ಯದ ಚಿತ್ರ ಬೇರೆಯೇ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಹಿಂದೆಯೇ ಜೋಳದ ರೊಟ್ಟಿಯ ಖಾನಾವಳಿಗಳೂ ಬಂದಿವೆ. ನಮ್ಮ ಕಡೆಯ ಊರುಗಳಲ್ಲಿ 'ಲಿಂಗಾಯತ ಖಾನಾವಳಿ' ಎಂಬ ಫಲಕವನ್ನು ಕಂಡೊಡನೆ ಪ್ರಯಾಣಿಕನು ಏನನ್ನೂ ಕೇಳದೆ ಒಳಗೆ ಹೋಗಿ ಕುಳಿತುಕೊಳ್ಳುತ್ತಿದ್ದನು. ಆ ಫಲಕವೇ ಒಲೆಯ ಮೇಲೆ ಏನಿದೆಯೆಂಬುದಕ್ಕೆ ಜಾಮೀನು. ಪೀಣ್ಯದ ಒಂದು ಖಾನಾವಳಿಯಲ್ಲಿ ಯಂತ್ರ ಜೋಡಿಸಲು ಬಂದಿದ್ದ ಯುರೋಪಿನ ಒಬ್ಬ ಕೆಲಸಗಾರ ನಮ್ಮವರ ನಡುವೆ ಕುಳಿತಿದ್ದನು. ಅವನು ಚಮಚೆ ಕೇಳಲಿಲ್ಲ. ಪಕ್ಕದವನು ರೊಟ್ಟಿ ಮುರಿದು ಎಣ್ಣೆಗಾಯಿಯನ್ನು ಹೇಗೆ ಎತ್ತಿಕೊಳ್ಳುತ್ತಾನೆಂದು ನೋಡಿ ಹಾಗೆಯೇ ಮಾಡಿದನು. ಚಟ್ನಿಪುಡಿಗೆ ಮೊಸರು ಕಲಸಿಕೊಳ್ಳಬೇಕೆಂದು ಹುಡುಗ ತೋರಿಸಿದಾಗ ತಲೆದೂಗಿದನು. ಬಡಿಸುತ್ತಿದ್ದ ಹೆಣ್ಣುಮಗಳು ಕೇಳದೆಯೇ ಅವನಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ನೆರೆಯವನ ಊಟವನ್ನು ಅರಿತು ಉಂಡವನಿಗೆ ಎಲ್ಲಿಯೂ ಎರಡನೆಯ ರೊಟ್ಟಿ ತಪ್ಪುವುದಿಲ್ಲ.

ಕಡೆಯ ಮಾತು

ನಮ್ಮ ಮಕ್ಕಳು ಹೋಗುವ ಊರುಗಳಲ್ಲಿ ಜಾಮೀನು ಕೊಡುವ ಫಲಕಗಳಿರುವುದಿಲ್ಲ. ಫಲಕದ ಕೆಲಸವನ್ನು ಅವರ ಅರಿವೇ ಮಾಡಬೇಕು. ಯಾವ ಧಾನ್ಯ, ಯಾವ ಎಣ್ಣೆ, ಯಾವ ಹೆಪ್ಪು ಎಂದು ನಗುಮುಖದಿಂದ ಕೇಳುವುದನ್ನು ನಾವು ಮನೆಯಲ್ಲಿಯೇ ಅವರಿಗೆ ಕಲಿಸಬೇಕು. ಹಾಗೆಯೇ ಅವರು ಮರಳಿ ಬಂದಾಗ ಏನು ಉಂಡೆ ಎಂದು ಪ್ರೀತಿಯಿಂದ ಕೇಳುವ ಧೈರ್ಯ ನಮಗೂ ಇರಬೇಕು. ಹಿರಿಯರು ಕೇಳದೆ ಇದ್ದಾಗ ಕಿರಿಯರು ಹೇಳದೆ ಉಳಿಯುತ್ತಾರೆ. ಆ ಮೌನ ಬೆಳೆದು ಮನೆಯಲ್ಲಿ ಗೋಡೆಯಾಗುತ್ತದೆ. ನಿಯಮವನ್ನು ಬಿಡದೆಯೂ ಲೋಕದ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಈ ಬೇಸಿಗೆಯಲ್ಲಿ ಮಕ್ಕಳು ಊರಿಗೆ ಬಂದಾಗ ಅಟ್ಟದ ಮೇಲಿನ ಶಾವಿಗೆ ಮಣೆಯನ್ನು ಇಳಿಸಿ ತೊಳೆಯಿರಿ. ಅವರಿಂದ ಪಾಸ್ತಾದ ಹದವನ್ನು ಕೇಳಿ ತಿಳಿಯಿರಿ, ಅವರಿಗೆ ಶಾವಿಗೆಯ ಹದವನ್ನು ಕಲಿಸಿರಿ.